ಹಸಿರು ಬಣ್ಣದ ಕೆಳಗೆ

ಹುಬ್ಬಳ್ಳಿ–ಧಾರವಾಡ ಕಡೆಯ ಹಳೆಯ ವಾಡೆಗಳ ಬಾಗಿಲು, ಕಿಟಕಿ, ಕಂಬಗಳಿಗೆ ಈಗ ಬೆಂಗಳೂರಿನಲ್ಲಿ ಒಳ್ಳೆಯ ಬೆಲೆ. ವಾಡೆ ಕೆಡವುವ ಸುದ್ದಿ ಹಬ್ಬಿದರೆ ಸಾಕು, ಲಾರಿ ಬಂದು ನಿಲ್ಲುತ್ತದೆ. ತೇಗದ ತೊಲೆ ಸೀಳಿದರೆ ಊಟದ ಮೇಜು, ಬಾಗಿಲು ಮಲಗಿಸಿ ಮೇಲೆ ಗಾಜು ಹಾಸಿದರೆ ಟೀಪಾಯಿ. ಬಣ್ಣ ಪೂರ್ತಿ ತೆಗೆಯದೆ ಅಲ್ಲಲ್ಲಿ ಉಜ್ಜಿ, ಹಸಿರಿನ ಕೆಳಗಿನ ನೀಲಿ, ನೀಲಿಯ ಕೆಳಗಿನ ಹಳದಿ, ಅದರಡಿಯ ಕಿತ್ತಳೆಗೆಂಪು ಕಾಣುವಂತೆ ಬಿಡುವುದು ಈಗಿನವರಿಗೆ ಇಷ್ಟ. ನೋಡಲು ಚೆಂದವೇ. ಆ ಪದರಗಳನ್ನು ನಾನು ಚೆನ್ನಾಗಿ ಬಲ್ಲೆ. ಅವುಗಳ ಪುಡಿ ಹಾರುವ ಶೆಡ್ಡಿನಲ್ಲೇ ನಾನು ಬೆಳೆದದ್ದು.

ಅಪ್ಪ ಹಳೇ ಹುಬ್ಬಳ್ಳಿಯಲ್ಲಿ ಹಳೆಯ ಕಟ್ಟಿಗೆ ಸಾಮಾನು ಕೊಂಡು, ದುರಸ್ತಿ ಮಾಡಿ ಮಾರುತ್ತಿದ್ದರು. ಕಪಾಟು, ಪಲ್ಲಂಗ, ಆರಾಮ ಕುರ್ಚಿ, ದೇವರ ಮಂಟಪ, ಜೋಕಾಲಿ ಮಣೆ, ಒಮ್ಮೊಮ್ಮೆ ಇಡೀ ಬಾಗಿಲವಾಡ. ಮನೆಯ ಹಿಂದೆಯೇ ಶೆಡ್ಡು. ಶಾಲೆ ಬಿಟ್ಟು ಬಂದರೆ ನಾನು ಅಲ್ಲೇ ಇರುತ್ತಿದ್ದೆ. ಅಲ್ಲಿ ಕೆಲಸ ಮಾಡುವವರಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು ಪಾಲೀಶ್ ಕಾಕಾ. ಅವರ ನಿಜವಾದ ಹೆಸರನ್ನು ಓಣಿಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ಅರಗಿನ ಚಕ್ಕೆಗಳನ್ನು ರಾತ್ರಿ ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಮರುದಿನ ಹತ್ತಿಯ ಉಂಡೆಗೆ ಮಲ್ಲಿನ ಬಟ್ಟೆ ಸುತ್ತಿ, ಒಂದೇ ಸಮನೆ ಸುತ್ತು ಸುತ್ತಾಗಿ ಉಜ್ಜುತ್ತಿದ್ದರು. ಬೀಟೆಯ ಕರಿ ಹೊಳಪು ನಿಧಾನಕ್ಕೆ ಮೇಲೇಳುವುದನ್ನು ಕುಕ್ಕರಗಾಲಿನಲ್ಲಿ ಕೂತು ನೋಡುವುದು ನನ್ನ ಸಂಜೆಯ ಕೆಲಸ. ಅರಗು ಮರದ ಮೇಲೆ ಹುಳು ಸುರಿಸಿದ ಅಂಟು. ಮಾತ್ರೆಗೂ ಮಿಠಾಯಿಗೂ ಮೆರುಗು ಕೊಡಲು ಇವತ್ತಿಗೂ ಅದನ್ನು ಬಳಸುತ್ತಾರೆ. ಕಾಕಾನ ಕೈಗೆ ಅದರಿಂದ ಕೇಡಾಗಲಿಲ್ಲ.

ಕೇಡು ಇದ್ದದ್ದು ಪಾಲೀಶಿಗೂ ಮುಂಚಿನ ಕೆಲಸದಲ್ಲಿ.

ನಮ್ಮ ಕಡೆಯ ಮನೆಗಳಲ್ಲಿ ಹಬ್ಬಕ್ಕೋ ಮದುವೆಗೋ ಎಣ್ಣೆಬಣ್ಣ ಹಚ್ಚುವ ರೂಢಿ. ಹಳೆಯದನ್ನು ಕೆರೆಯದೆ ಅದರ ಮೇಲೇ ಹೊಸದು. ಹೀಗೆ ಒಂದು ಬಾಗಿಲಿನ ಮೇಲೆ ಎರಡು ಮೂರು ತಲೆಮಾರಿನ ಮದುವೆಗಳು ಪದರ ಪದರವಾಗಿ ಕೂತಿರುತ್ತಿದ್ದವು. ಅದನ್ನು ತೆಗೆದು ತೇಗವನ್ನು ಮತ್ತೆ ಬೆಳಕಿಗೆ ತರಬೇಕಾದರೆ ಕಾಕಾ ಸೀಮೆಎಣ್ಣೆಯ ಬ್ಲೋ ಲ್ಯಾಂಪ್ ಹಚ್ಚುತ್ತಿದ್ದರು. ನೀಲಿ ಉರಿ ತಾಗಿದಲ್ಲಿ ಬಣ್ಣ ಗುಳ್ಳೆಯೆದ್ದು ಸುಕ್ಕಾಗುತ್ತದೆ, ಕೂಡಲೇ ಪಟ್ಟಿಯಿಂದ ಹೆರೆಯಬೇಕು. ದಟ್ಟ ಹೊಗೆ. ಕೆತ್ತನೆಯ ಸಂದಿಯಲ್ಲಿ ಉಳಿದದ್ದನ್ನು ಕಾಸ್ಟಿಕ್ ಸೋಡಾ ನೀರಿನಿಂದ ಮೆತ್ತಗೆ ಮಾಡಿ, ಒಣಗಿದ ಮೇಲೆ ಪಾಲೀಶ್ ಪೇಪರಿನಿಂದ ಉಜ್ಜುವುದು. ಸಂಜೆಯ ಬಿಸಿಲು ಶೆಡ್ಡಿನ ತಗಡಿನ ತೂತಿನಿಂದ ಇಳಿದಾಗ ಆ ಧೂಳು ಗಾಳಿಯಲ್ಲಿ ನಿಂತೇ ಇರುತ್ತಿತ್ತು. ಕಾಕಾ ಅದೇ ಕೈಯಲ್ಲಿ ಬೀಡಿ ಹಚ್ಚುವರು, ಅಲ್ಲೇ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ತಿನ್ನುವರು. ಸಂಜೆ ಅದೇ ಅಂಗಿಯಲ್ಲಿ ಮನೆಗೆ ಹೋಗುವರು. ಮನೆಯಲ್ಲಿ ಅಂಬೆಗಾಲಿಕ್ಕುವ ಕೂಸಿತ್ತು. ಅಪ್ಪ ಬಂದನೆಂದು ಅದು ಬಾಗಿಲಿಗೇ ಬಂದು ಕಾಲು ಹಿಡಿಯುತ್ತಿತ್ತಂತೆ.

ಕಾಕಾಗೆ ಹೊಟ್ಟೆನೋವು ಬರುತ್ತಿತ್ತು. ಬಂದರೆ ಮೊಳಕಾಲು ಎದೆಗೆ ಒತ್ತಿಕೊಂಡು ಹಲಗೆಗಳ ಮೇಲೆಯೇ ಒರಗಿಬಿಡುವರು. ಮಲಬದ್ಧತೆ, ಬಾಯಿರುಚಿ ಇಲ್ಲ, ಮುಖ ಬಿಳಿಚಿಕೊಂಡಿದೆ. ದವಾಖಾನೆಯಲ್ಲಿ ಹುಣ್ಣೆಂದರು, ಅಪೆಂಡಿಕ್ಸ್ ಇರಬಹುದೆಂದೂ ಅಂದರು. ನಗುವಾಗ ಅವರ ವಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ ಕಾಣುತ್ತಿತ್ತು. ಬೀಡಿಯ ಕಲೆಯೆಂದು ಎಲ್ಲರೂ ತಿಳಿದಿದ್ದರು. ಕೊನೆಕೊನೆಗೆ ಬಲಗೈ ಮುಂಗೈ ಜೋತುಬಿತ್ತು. ಪಾಲೀಶಿನ ಉಂಡೆ ಹಿಡಿಯಲು ಆಗದು. ಎಡಗೈಯಿಂದ ಬಲಗೈಯನ್ನು ಎತ್ತಿ ಮರದ ಮೇಲಿಟ್ಟುಕೊಂಡು ಕೆಲಸ ಮಾಡಲು ನೋಡುತ್ತಿದ್ದರು. ಅಪ್ಪ ಮನೆಗೆ ಕಳಿಸಿದರು, ಕೆಲ ಕಾಲ ಪಗಾರ ಕಳಿಸುತ್ತಲೂ ಇದ್ದರು. ಐವತ್ತು ದಾಟುವ ಮೊದಲೇ ಕಾಕಾ ಹೋದರು. ರಕ್ತದಲ್ಲಿ ಸೀಸವಿದೆಯೇ ಎಂದು ನೋಡಬೇಕೆಂಬುದು ಅವರ ಸುತ್ತಲಿದ್ದ ಯಾರಿಗೂ ಹೊಳೆಯಲಿಲ್ಲ.

ಹೊಟ್ಟೆಯ ಶೂಲೆ, ಮಲಬದ್ಧತೆ, ಬಿಳಿಚು ಮುಖ, ವಸಡಿನ ನೀಲಿ ಗೆರೆ, ದುಡಿಯುವ ಕೈಯೇ ಜೋತುಬೀಳುವುದು. ಇಷ್ಟನ್ನೂ ಒಂದೆಡೆ ಬರೆದು ವೈದ್ಯಕೀಯದ ಯಾವ ಹಳೆಯ ಪುಸ್ತಕದ ಮುಂದಿಟ್ಟರೂ ಉತ್ತರ ಒಂದೇ ಬರುತ್ತದೆ. 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಮಝೀನಿ ದುಡಿಮೆಗಾರರ ಕಾಯಿಲೆಗಳ ಬಗ್ಗೆ ಬರೆದ ಗ್ರಂಥದಲ್ಲೇ ಬಣ್ಣದವರ ನರಳಾಟವಿದೆ. ಆತ ಅದನ್ನು ಬರೆದು ಮುನ್ನೂರು ವರ್ಷ ತುಂಬುತ್ತ ಬಂದಾಗಲೂ ನಮ್ಮ ಶೆಡ್ಡಿನಲ್ಲಿ ಅದಕ್ಕೆ ಬೀಡಿಯ ಕಲೆಯೆಂದೇ ಹೆಸರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆ ಪದರಗಳಲ್ಲಿ ಏನಿತ್ತು? ಎಲ್ಲಕ್ಕೂ ಕೆಳಗಿನ ಕಿತ್ತಳೆಗೆಂಪು ಸೀಸದ ಸಿಂಧೂರ. ಕಿಟಕಿಯ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಯದಿರಲೆಂದು ಮೊದಲ ಕೈ ಅದನ್ನೇ ಹಚ್ಚುತ್ತಿದ್ದರು. ಇಟ್ಟಿಗೆ ಬಣ್ಣದ ರೆಡ್ ಆಕ್ಸೈಡ್ ಬೇರೆ, ಅದು ಕಬ್ಬಿಣದ್ದು. ಹಳದಿಯ ಹೊಳಪು ಸೀಸದ ಕ್ರೋಮೇಟಿನದು. ಅದಕ್ಕೆ ಪ್ರಷ್ಯನ್ ನೀಲಿ ಬೆರೆಸಿದರೆ ನಮ್ಮೂರಿನ ಸಾವಿರಾರು ಬಾಗಿಲು ಕಿಟಕಿಗಳ ಆ ಹಸಿರು. ಬಿಳಿಗೆ ಸಫೇದ, ಅದೂ ಸೀಸದ್ದೇ. ಬಣ್ಣ ಬೇಗ ಒಣಗಲೆಂದು ಅಗಸೆ ಎಣ್ಣೆಗೆ ಹಾಕುತ್ತಿದ್ದ ಒಣಗುಪುಡಿಯಲ್ಲೂ ಸೀಸವಿರುತ್ತಿತ್ತು. ಹಳೆಯ ಕಾಲದ ಸಫೇದದ ಬಣ್ಣಗಳಲ್ಲಿ ಒಣಗಿದ ಮೇಲಿನ ತೂಕದ ಅರ್ಧದವರೆಗೂ ಸೀಸ ಇದ್ದದ್ದುಂಟು. ಇವತ್ತಿನ ಭಾರತದ ನಿಯಮ ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮಾತ್ರ ಸೀಸ ಇರಬಹುದು ಎನ್ನುತ್ತದೆ. ಆ ನಿಯಮ ಹೊರಟಿದ್ದು 2016ರಲ್ಲಿ, ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅಮೆರಿಕ ತನ್ನ ಮನೆಗಳ ಬಣ್ಣದಿಂದ ಸೀಸವನ್ನು ಹೊರಗಿಟ್ಟದ್ದು 1978ರಲ್ಲಿ. ಗೋಡೆಯ ಒಳಬಣ್ಣಕ್ಕೆ ಸಫೇದ ಬೇಡವೆಂದು ಜಿನೀವಾದಲ್ಲಿ ದೇಶಗಳೆಲ್ಲ ಕೂತು ಒಪ್ಪಂದ ಬರೆದದ್ದು 1921ರಲ್ಲಿ. ಹಾಗಾಗಿ ನಮ್ಮಲ್ಲಿ 2017ಕ್ಕಿಂತ ಹಿಂದೆ ಎಣ್ಣೆಬಣ್ಣ ಹಚ್ಚಿದ ಯಾವ ಕಪಾಟನ್ನೂ ಪರೀಕ್ಷಿಸದೆ ನಾನು ನಂಬುವುದಿಲ್ಲ. ಮಾರುವವರು ಅದನ್ನು ವಿಂಟೇಜ್ ಎನ್ನಲಿ, ಬಿಡಲಿ.

ಇದನ್ನೆಲ್ಲ ನಾನು ತಿಳಿದುಕೊಂಡದ್ದು ಕಾಕಾ ಹೋಗಿ ಬಹಳ ಕಾಲದ ಮೇಲೆ, ಬೆಂಗಳೂರಿಗೆ ಬಂದು ನೆಲೆಸಿದಾಗ. 1990ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಸೀಸದ ಮಾತು ಜೋರಾಗಿತ್ತು. ಜಾರ್ಜ್ ಫೌಂಡೇಶನ್ ಹಲವು ಊರುಗಳ ಮಕ್ಕಳ ರಕ್ತ ಪರೀಕ್ಷಿಸಿ, ಅರ್ಧದಷ್ಟು ಮಕ್ಕಳಲ್ಲಿ ಸೀಸ ಆಗಿನ ಮಿತಿಯನ್ನು ಮೀರಿದೆ ಎಂದು 1999ರಲ್ಲಿ ಹೇಳಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಅವರು ಈ ಕೆಲಸಕ್ಕೆ ಜೀವ ತೇದವರು. ಮರುವರ್ಷವೇ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ಪತ್ರಿಕೆಯಲ್ಲಿ ವೆಂಕಟೇಶ್ ಅವರ ಬಗ್ಗೆ ಓದುತ್ತ ಲಕ್ಷಣಗಳ ಸಾಲಿಗೆ ಬಂದಾಗ ನನಗೆ ಪೆಟ್ರೋಲು ಕಾಣಲಿಲ್ಲ, ಕಾಕಾನ ಜೋತುಬಿದ್ದ ಮುಂಗೈ ಕಂಡಿತು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಓದಿದ್ದರಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಆಸ್ಟ್ರೇಲಿಯಾದ ಬ್ರಿಸ್ಬೇನಿನ ಕತೆ. ನಮ್ಮಂಥದೇ ಬಿಸಿಲಿನ ಊರು, ಮನೆಗಳಿಗೆಲ್ಲ ಮರದ ಜಗಲಿ, ಜಗಲಿಗೆ ಬಣ್ಣದ ಕಟಾಂಜನ. ಅಲ್ಲಿ ಮಕ್ಕಳು ಕೈಕಾಲು ಸೋತು, ಕಣ್ಣು ಮಂಜಾಗಿ ಆಸ್ಪತ್ರೆಗೆ ಬರುತ್ತಿದ್ದರು. 1904ರಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯ, ವಿಷ ಇರುವುದು ಬಿಸಿಲಿಗೆ ಪುಡಿಯೇಳುವ ಆ ಕಟಾಂಜನದ ಬಣ್ಣದಲ್ಲಿ ಎಂದು ಬರೆದ. ಮಕ್ಕಳು ಅದನ್ನು ಹಿಡಿದು ಆಡುತ್ತಾರೆ, ಕೈ ಬಾಯಿಗೆ ಹೋಗುತ್ತದೆ, ಅಷ್ಟೇ. ಎಷ್ಟೋ ಜನ ಅವನನ್ನು ನಂಬಲಿಲ್ಲ. ಮಕ್ಕಳ ಕೈಗೆ ಎಟಕುವ ಕಟಾಂಜನ, ಬೇಲಿ, ಗೇಟುಗಳಿಗೆ ಸೀಸದ ಬಣ್ಣ ಕೂಡದೆಂಬ ಕಾನೂನು ಅಲ್ಲಿ ಆದದ್ದು 1922ರಲ್ಲಿ. ಓದಿ ಮುಗಿಸಿದಾಗ ನನ್ನ ಕಣ್ಣಮುಂದೆ ನಮ್ಮ ಓಣಿಯ ಕಿಟಕಿಗಳು. ಸರಳುಗಳಿಗೆ ಕೆನ್ನೆ ಒತ್ತಿ, ನಾಲಿಗೆ ತಾಗಿಸಿ, ಜಾತ್ರೆಯ ತೇರು ಬರುವುದನ್ನು ಕಾಯುತ್ತ ನಿಂತ ಮಕ್ಕಳು. ಸೀಸದ ಲವಣಗಳ ರುಚಿ ಸಿಹಿ.

ದೊಡ್ಡವರಿಗಿಂತ ಮಕ್ಕಳ ಕರುಳು ಸೀಸವನ್ನು ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಮೈ ಅದನ್ನು ಸುಣ್ಣದಂಶವೆಂದು ತಿಳಿದು ಮೂಳೆಗೆ ಸೇರಿಸುತ್ತದೆ. ಅಲ್ಲಿ ಅದು ದಶಕಗಟ್ಟಲೆ ಕೂತಿರುತ್ತದೆ, ಹೆಣ್ಣುಮಗಳು ಬಸುರಾದಾಗ ಮೂಳೆಯಿಂದ ಇಳಿದು ಹೊಟ್ಟೆಯ ಕೂಸಿಗೂ ಹೋಗುತ್ತದೆ. ಕಬ್ಬಿಣದಂಶ ಕಡಿಮೆ ಇರುವ ಮೈ ಇನ್ನೂ ಹೆಚ್ಚು ಹೀರುತ್ತದೆ, ನಮ್ಮ ತಾಯಂದಿರಲ್ಲಿ ಮಕ್ಕಳಲ್ಲಿ ಆ ಕೊರತೆ ಎಷ್ಟೆಂದು ಹೇಳಬೇಕಿಲ್ಲ. ಬುದ್ಧಿಯ ಬೆಳವಣಿಗೆಗೆ ಆಗುವ ಪೆಟ್ಟನ್ನು ಮತ್ತೆ ಸರಿಪಡಿಸಲಾಗದು. ಇಷ್ಟಿದ್ದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಸೀಸಕ್ಕೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸೇರಿ ತಂದ ವರದಿಯ ಅಂದಾಜಿನಂತೆ ರಕ್ತದ ಒಂದು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಸೀಸವಿರುವ ಮಕ್ಕಳು ಭಾರತದಲ್ಲೇ 27 ಕೋಟಿಗೂ ಹೆಚ್ಚು. ಅದಕ್ಕೆಲ್ಲ ಹಳೆಯ ಕಪಾಟು ಕಾರಣವಲ್ಲ. ಬ್ಯಾಟರಿ ಕರಗಿಸುವ ಕುಲುಮೆಗಳು, ಬಣ್ಣ ಬೆರೆಸಿದ ಅರಿಸಿನ ಪುಡಿ, ಬೇರೆ ಎಷ್ಟೋ ದಾರಿಗಳಿವೆ. ಆದರೆ ಕಪಾಟಿನ ದಾರಿಯನ್ನು ಮುಚ್ಚುವುದು ನಮ್ಮ ಕೈಯಲ್ಲೇ ಇದೆ.

ಅಪ್ಪನ ಶೆಡ್ಡಿನ ಇನ್ನೊಂದು ರೂಢಿ ಹೇಳಬೇಕು. ಹೆರೆದ ಬಣ್ಣದ ಚಕ್ಕೆ ಅಂಟಿದ ಕಟ್ಟಿಗೆ ಚೂರು, ಮುರುಕು ಚೌಕಟ್ಟು, ಇವೆಲ್ಲ ನಮ್ಮ ಬಚ್ಚಲ ಒಲೆಗೆ. ಹಂಡೆಯ ನೀರು ಕಾಯಲು ಅದಕ್ಕಿಂತ ಒಳ್ಳೆಯ ಉರುವಲು ಇಲ್ಲ, ಎಣ್ಣೆಬಣ್ಣಕ್ಕೆ ಬೆಂಕಿ ಭಗ್ಗೆಂದು ಹಿಡಿಯುತ್ತಿತ್ತು. ಕಟ್ಟಿಗೆ ಸುಟ್ಟರೆ ಸೀಸ ಸುಟ್ಟು ಇಲ್ಲವಾಗುವುದಿಲ್ಲ. ಒಂದಷ್ಟು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲೇ. ಆ ಬೂದಿಯನ್ನು ಅವ್ವ ಜರಡಿ ಹಿಡಿದು ಡಬ್ಬಿಯಲ್ಲಿ ತುಂಬಿಡುತ್ತಿದ್ದಳು, ತಾಟು ತಂಬಿಗೆ ತಿಕ್ಕಲು. ಮಿಕ್ಕದ್ದು ಹಿತ್ತಲ ಬದನೆ ಗಿಡದ ಬುಡಕ್ಕೆ. ಬಾಗಿಲ ಮೇಲೆ ಸುಮ್ಮನೆ ಅಂಟಿಕೊಂಡಿದ್ದ ಸೀಸ ಹೀಗೆ ನಮ್ಮ ಊಟದ ತಾಟಿನವರೆಗೆ ನಡೆದು ಬರುತ್ತಿತ್ತು. ಈಗಲೂ ಹಳ್ಳಿಗಳ ನೀರೊಲೆಯ ಪಕ್ಕ ಬಣ್ಣದ ಕಿಟಕಿ ಬಾಗಿಲ ಚೂರುಗಳ ರಾಶಿ ಕಂಡರೆ ನಾನು ನಿಂತು ಹೇಳಿ ಹೋಗುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಕಟ್ಟಿಗೆ ದರ ಹೇಳಿ ಕಳಿಸುತ್ತಾರೆ. ಅವರನ್ನು ದೂರಲಾರೆ.

ಸೀಸವೊಂದೇ ಅಲ್ಲ. ಪಲ್ಲಂಗದ ಸಂದಿಗಳಲ್ಲಿ ತಗಣಿ ಕಾಟವಿತ್ತು. ಅದಕ್ಕೆ ಗೆಮಾಕ್ಸಿನ್ ಪುಡಿ. ಕಾಲು ಬಿಚ್ಚಿ, ಗುಣಿಗಳಿಗೆ ಪುಡಿ ತುಂಬಿ ಮತ್ತೆ ಜೋಡಿಸಿಬಿಡುವರು, ರಾತ್ರಿ ಅದರ ಮೇಲೆ ಮಲಗುವುದು. ಆ ಮುಗ್ಗಲು ವಾಸನೆ ನಮ್ಮ ಅಜ್ಜಿಯ ಕೋಣೆಯ ವಾಸನೆಯೇ ಆಗಿಹೋಗಿತ್ತು. ಭಾರತದಲ್ಲಿ ಆ ಪುಡಿಗೆ 1997ರ ಏಪ್ರಿಲ್‌ನಿಂದ ನಿಷೇಧವಿದೆ. ಹಳೆಯ ಮಂಚದ ಗುಣಿಗಳಿಗೆ ನಿಷೇಧದ ಸುದ್ದಿ ಮುಟ್ಟುವುದಿಲ್ಲ, ಅದು ಬೇಗ ಕೊಳೆಯುವ ಜಾತಿಯದಲ್ಲ. ಡಿಡಿಟಿಯೂ ಹಾಗೆಯೇ. ಜರ್ಮನಿಯ ವಸ್ತುಸಂಗ್ರಹಾಲಯಗಳಲ್ಲಿ ಹಿಂದೆಂದೋ ಡಿಡಿಟಿ ಬಳಿದ ಮರದ ಸಾಮಾನಿನ ಮೇಲೆ ಬಿಳಿ ಹರಳುಗಳು ಇಂದಿಗೂ ಒಸರಿ ಮೂಡುತ್ತವೆ. ಹಳೆಯ ಮಂಚ ಬಿಚ್ಚುವಾಗ ಸಂದಿಯಲ್ಲಿ ಬೂದು ಪುಡಿ ಕಂಡರೆ ಬಾಯಿಂದ ಊದುವುದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಕತ್ತಲಲ್ಲಿ ಹೊಳೆಯುತ್ತಿದ್ದ ಮುಳ್ಳುಗಳ ಹಳೆಯ ಅಲಾರಂ ಗಡಿಯಾರಗಳದ್ದೂ ಒಂದು ಮಾತಿದೆ. ಹೊಳಪು ಆರಿತೆಂದರೆ ರೇಡಿಯಂ ಮುಗಿಯಿತೆಂದಲ್ಲ. ಸವೆದದ್ದು ಜೊತೆಗಿದ್ದ ಸತುವಿನ ಪುಡಿ. ರೇಡಿಯಂ ಅರ್ಧಕ್ಕಿಳಿಯಲು 1600 ವರ್ಷ ಬೇಕು. ಗಡಿಯಾರ ಕಪಾಟಿನಲ್ಲಿ ಗಾಜು ಮುಚ್ಚಿಕೊಂಡು ಕೂತಿರಲಿ, ಗಾಜು ತೆಗೆದು ಮುಳ್ಳು ಕೆರೆಯಬಾರದು.

ಹಾಗೆಂದು ಹಳೆಯದನ್ನೆಲ್ಲ ಹೊರಗೆಸೆಯಿರಿ ಎನ್ನುವವನಲ್ಲ ನಾನು. ಎಸೆಯಬೇಕಾದರೂ ಎಲ್ಲಿಗೆ? ತೇಗ, ಬೀಟೆಯ ಒಂದು ಕಪಾಟನ್ನು ಉಳಿಸಿಕೊಂಡರೆ ಕಾಡಿನಲ್ಲಿ ಒಂದು ಮರ ಉಳಿದ ಹಾಗೆ. ಹೊಸ ಪ್ಲೈವುಡ್, ಎಂಡಿಎಫ್ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಡುತ್ತದೆ, ಅದೂ ಉಸಿರಿಗೆ ಹಿತವಲ್ಲ. ಹಳೆಯ ಮೈಸೂರು ಚಿತ್ರಗಳ ಉಬ್ಬುಗೆಲಸದ ಲೇಪದಲ್ಲಿ ಸಫೇದ ಇದೆ. ಗಾಜಿನ ಹಿಂದೆ ಗೋಡೆಯ ಮೇಲಿರುವ ಪಟ್ಟಾಭಿಷೇಕದಿಂದ ಯಾರಿಗೂ ಏನೂ ಆಗುವುದಿಲ್ಲ. ಬಣ್ಣ ಗಟ್ಟಿಯಾಗಿ ಅಂಟಿಕೊಂಡು ಕೂತಿರುವವರೆಗೆ ಸೀಸ ಮಲಗಿದ ಹಾವು. ನಾವು ಉಜ್ಜುತ್ತೇವೆ, ಸುಡುತ್ತೇವೆ, ಚಕ್ಕೆ ಏಳುತ್ತಿದ್ದರೂ ಬಿಡುತ್ತೇವೆ. ಆಗ ಅದು ಏಳುತ್ತದೆ. ಅದಕ್ಕೇ, ಉಜ್ಜಿ ಪದರ ತೋರಿಸುವ ಈಗಿನ ಶೈಲಿ ನನ್ನನ್ನು ಇಷ್ಟು ಕಲಕುವುದು. ಕೊಂಡವರ ಮನೆಯಲ್ಲಿ ಅದು ಪುಡಿಯುದುರುತ್ತದೆ. ಅದಕ್ಕೂ ಮೊದಲು ಯಾವುದೋ ಶೆಡ್ಡಿನಲ್ಲಿ ಇಪ್ಪತ್ತರ ಹುಡುಗನೊಬ್ಬ ಮೂತಿಗೆ ಕರವಸ್ತ್ರ ಕಟ್ಟಿಕೊಂಡು, ಕರೆಂಟಿನ ಉಜ್ಜುಯಂತ್ರ ಹಿಡಿದು ದಿನವಿಡೀ ಆ ಪುಡಿಯಲ್ಲಿ ನಿಂತಿರುತ್ತಾನೆ. ಕಾಕಾ ಕೈಯಿಂದ ಒಂದು ವಾರ ಎಬ್ಬಿಸುತ್ತಿದ್ದಷ್ಟು ಧೂಳನ್ನು ಆ ಯಂತ್ರ ಒಂದೇ ಹೊತ್ತಿನಲ್ಲಿ ಎಬ್ಬಿಸೀತು. ಅಷ್ಟು ಸಣ್ಣ ಕಣಕ್ಕೆ ಕರವಸ್ತ್ರ ಅಡ್ಡಿಯೇ ಅಲ್ಲ.

ನಮ್ಮ ಮನೆಯೊಳಗೂ ಈ ಮಾತು ಬಂತು. ಅಕ್ಕನ ಮಗಳು ಬಾಣಂತನಕ್ಕೆ ಬಂದಾಗ ಅವ್ವ ಅಟ್ಟದಿಂದ ಕಲಘಟಗಿ ತೊಟ್ಟಿಲು ಇಳಿಸಲು ಹೇಳಿದಳು. ತೇಗದ ತೊಟ್ಟಿಲು. ಕಲಘಟಗಿಯ ಚಿತ್ರಗಾರರು ಅರಗಿನ ಬಣ್ಣದಲ್ಲಿ ಬರೆದ ಕೃಷ್ಣನ ಲೀಲೆಗಳು ಇನ್ನೂ ಹೊಳೆಯುತ್ತಿದ್ದವು. ಆದರೆ ಸುತ್ತಲ ಕಡ್ಡಿಗಳಿಗೆ ಯಾವಾಗಲೋ ಅಂಗಡಿಯ ಹಳದಿ, ಹಸಿರು ಎಣ್ಣೆಬಣ್ಣ ಬಳಿದಿದ್ದರು. ಹಲ್ಲು ಬರುವ ಕೂಸು ಕಚ್ಚುವ ಎತ್ತರದಲ್ಲೇ ಚಕ್ಕೆ ಎದ್ದಿತ್ತು.

“ಇದರಾಗ ಕೂಸು ಮಲಗಸೂದು ಬ್ಯಾಡವ್ವಾ,” ಅಂದೆ.

“ಯಾಕ? ನೀನೂ ಇದರಾಗ ಮಲಗಿ ಬೆಳದಾಂವ. ನಿನಗೇನಾಗೇದ?”

“ನಾ ಮಲಗಿದಾಗ ಕಡ್ಡಿಗೆ ಬರೇ ಅರಗಿನ ಬಣ್ಣ ಇತ್ತು. ಈ ಪೇಂಟ್ ಅಕ್ಕನ ಮಗಳ ಹೆಸರಿಡೂ ಮುಂದ ಹಚ್ಚಿಸಿದ್ದು. ನೀನs ಹೇಳಿದ್ದಿ.”

ಅವ್ವ ಮಾತಾಡಲಿಲ್ಲ. ಸೀಸವಿದ್ದರೆ ಗುಲಾಬಿಗೆ ತಿರುಗುವ ಪರೀಕ್ಷೆಯ ಕಡ್ಡಿಯನ್ನು ಗೆಳೆಯರೊಬ್ಬರಿಂದ ತರಿಸಿದೆ. ಹಳದಿಯ ಮೇಲೆ ಉಜ್ಜಿದ ಕೂಡಲೇ ಅದು ಕೆಂಪಗಾಯಿತು. ಅವ್ವ ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆ ಕಡ್ಡಿಗೆ ಮೇಲಿನ ಪದರ ಮಾತ್ರ ಗೊತ್ತಾಗುತ್ತದೆ. ಕೆಳಗಿನ ಪದರಗಳನ್ನೂ ಅಳೆಯಬೇಕಾದರೆ ಎಕ್ಸ್‌ಆರ್‌ಎಫ್ ಎಂಬ, ಪಿಸ್ತೂಲಿನ ಆಕಾರದ ಯಂತ್ರ ಬೇಕು. ಅದು ಕೆಲವೇ ಕ್ಷಣಗಳಲ್ಲಿ, ಒಂದು ಗೀರೂ ಬೀಳದಂತೆ ಹೇಳಿಬಿಡುತ್ತದೆ. ನಮಗೆ ಕಡ್ಡಿ ಹೇಳಿದ್ದೇ ಸಾಕಾಯಿತು.

ಒಪ್ಪಂದ ಅವ್ವನದೇ. ಹೆಸರಿಡುವ ದಿನ ತೊಟ್ಟಿಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕಡ್ಡಿಗಳಿಗೆಲ್ಲ ಹೊಸ ಇಳಕಲ್ ಸೀರೆ ಸುತ್ತಿ, ಜೋಗುಳ ಮುಗಿಯುವಷ್ಟು ಹೊತ್ತು ಕೂಸನ್ನು ಅದರಲ್ಲಿ ಮಲಗಿಸುವುದು. ಆಮೇಲೆ ಕೂಸಿಗೆ ಬಟ್ಟೆಯ ಜೋಲಿ. ಅಷ್ಟು ಹೊತ್ತಿನಿಂದ ಏನೂ ಆಗುವುದಿಲ್ಲ, ದಿನದಿನವೂ ಕಚ್ಚುವುದರಿಂದ ಆಗುತ್ತದೆ ಎಂದು ನಾನೂ ಒಪ್ಪಿದೆ. ಕಲಘಟಗಿಗೆ ಹೋಗಿ ಕಡ್ಡಿಗಳನ್ನಷ್ಟೇ ಹೊಸದಾಗಿ, ಅರಗಿನಲ್ಲೇ ಮಾಡಿಸಿದರೆ ಮುಂದಿನ ಕೂಸಿಗೆ ತೊಟ್ಟಿಲು ಸಿದ್ಧವಾಗುತ್ತದೆ ಎಂದು ಅವ್ವ ತಾನೇ ಮುಂದಿನ ಲೆಕ್ಕವನ್ನೂ ಹಾಕಿದಳು.

ಶೆಡ್ಡನ್ನು ಈಗ ತಮ್ಮನ ಮಗ ನೋಡಿಕೊಳ್ಳುತ್ತಾನೆ. ಅವನ ಜೊತೆ ಜಗಳವಾಡಿ, ಒಲಿಸಿ, ಕೆಲವು ಬದಲಾವಣೆ ಮಾಡಿಸಿದ್ದೇನೆ. ಬ್ಲೋ ಲ್ಯಾಂಪ್ ಗುಜರಿಗೆ ಹೋಯಿತು. ಬಣ್ಣ ಗಟ್ಟಿಯಿದ್ದರೆ ಕೆರೆಯುವುದಿಲ್ಲ, ಸ್ವಚ್ಛ ಮಾಡಿ ಮೇಲೆ ಒಳ್ಳೆಯ ವಾರ್ನಿಷ್ ಕೊಟ್ಟು ಕಟ್ಟಿಹಾಕುತ್ತಾರೆ. ಕೆರೆಯಲೇಬೇಕಾದರೆ ನೀರು ಚಿಮುಕಿಸಿ ಒದ್ದೆಯಲ್ಲೇ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಸಣ್ಣ ಧೂಳು ತಡೆಯುವ ಮುಖಗವಸು ಹಾಕಿಕೊಂಡು. ಕಸಬರಿಗೆ ಮುಟ್ಟುವಂತಿಲ್ಲ, ಒದ್ದೆ ಬಟ್ಟೆಯೇ. ಊಟ, ಚಹಾ, ಬೀಡಿ ಎಲ್ಲ ಶೆಡ್ಡಿನ ಹೊರಗೆ, ಸಾಬೂನಿನಿಂದ ಕೈ ತೊಳೆದ ಮೇಲೆ. ಕೆಲಸದ ಅಂಗಿ ಶೆಡ್ಡಿನಲ್ಲೇ ಉಳಿಯಬೇಕು, ಮನೆಗೆ ಹೋಗುವಂತಿಲ್ಲ. ಹುಡುಗರ ರಕ್ತದ ಪರೀಕ್ಷೆ ವರ್ಷಕ್ಕೊಮ್ಮೆ, ದುಡ್ಡು ಶೆಡ್ಡಿನದು. ಇದರಿಂದ ಒಂದು ಬಾಗಿಲಿನ ದರ ಹೆಚ್ಚಾಗುತ್ತದೆ. ಗಿರಾಕಿ ಯಾಕೆಂದು ಕೇಳಿದರೆ ಹುಡುಗರೇ ವಿವರಿಸುತ್ತಾರೆ, ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಕೊಡುತ್ತಾರೆ.

ಇನ್ನೂ ಬಗೆಹರಿಯದೆ ಉಳಿದಿರುವುದು ಹೆರೆದ ಬಣ್ಣ. ಒಲೆಗೆ ಹಾಕುವುದಿಲ್ಲ, ಗಟಾರಕ್ಕೆ ಬಿಡುವುದಿಲ್ಲ, ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಡುತ್ತಿದ್ದೇವೆ. ಮನೆಗಳ ಅಪಾಯಕಾರಿ ಕಸಕ್ಕೆ, ಬಣ್ಣದ ಡಬ್ಬಿಗಳನ್ನೂ ಸೇರಿಸಿ, ಪ್ರತಿ ಊರಿನಲ್ಲೂ ಬೇರೆ ಸಂಗ್ರಹ ಕೇಂದ್ರ ಇರಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಕಾರ್ಖಾನೆಗಳ ಅಪಾಯಕಾರಿ ಕಸ ಹೂಳಲು ಬೆಂಗಳೂರಿನಾಚೆ ದಾಬಸ್‌ಪೇಟೆಯಲ್ಲಿ ಜಾಗವಿದೆ. ನಮ್ಮಂಥ ಸಣ್ಣ ಶೆಡ್ಡುಗಳು ಈ ಎರಡರ ನಡುವೆ ಬೀಳುತ್ತವೆ. ಹಳೆಯ ಸಾಮಾನಿನ ಕೆಲಸ ಮಾಡುವ ಊರಿನ ಎಲ್ಲ ಶೆಡ್ಡಿನವರೂ ಸೇರಿ, ಡ್ರಮ್ಮುಗಳನ್ನು ಒಟ್ಟುಮಾಡಿ ಒಂದೇ ಲಾರಿಯಲ್ಲಿ ಕಳಿಸುವ ವ್ಯವಸ್ಥೆಗೆ ಅರ್ಜಿ ಬರೆದಿದ್ದೇವೆ. ಸಹಿಗೆಂದು ಅದನ್ನು ಹಿಡಿದು ಶೆಡ್ಡಿನಿಂದ ಶೆಡ್ಡಿಗೆ ಓಡಾಡುತ್ತಿರುವುದು ಕಾಕಾನ ಮನೆಯ ಆ ಅಂಬೆಗಾಲಿನ ಕೂಸು. ಅವಳೀಗ ನಮ್ಮ ಶೆಡ್ಡಿನ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ, ಮತ್ತು ಹುಡುಗರ ರಕ್ತ ಪರೀಕ್ಷೆಯ ಚೀಟಿಗಳ ಫೈಲನ್ನು ಯಾರ ಕೈಗೂ ಕೊಡುವುದಿಲ್ಲ.